ಮೆಣಸಿನಕಾಯಿಯಿಂದ ಸೀರೆವರೆಗೆ: ಮೊಬೈಲ್‌ನಲ್ಲೇ ಒಳ್ಳೆ ಫೋಟೋ ತೆಗೆಯೋದು, ಎಡಿಟ್ ಮಾಡೋದು ಹೇಗೆ? ಅಂಗಡಿಯವರಿಗೆ, ರೈತರಿಗೆ ಪೂರ್ತಿ ಮಾಹಿತಿ

ಹಾವೇರಿ: ಅಂಗಡಿ ಶಟರ್ ಎತ್ತುವ ಮೊದಲೇ ಈಗ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಫೋಟೋ ಬಿದ್ದಿರುತ್ತದೆ. ಹೊಸ ಸೀರೆ ಬಂತು, ಫೋಟೋ. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಹೋಗಬೇಕು, ಅದಕ್ಕೂ ಮೊದಲು ದಲಾಲರಿಗೆ ಫೋಟೋ. ಹೊಲದಲ್ಲಿ ನೀರು ನಿಂತಿದೆ, ಫೋಟೋ. ವಾರ್ಡಿನಲ್ಲಿ ಗಟಾರ ತುಂಬಿ ಹರಿಯುತ್ತಿದೆ, ಫೋಟೋ. ನಮ್ಮ ಜಾಲತಾಣಕ್ಕೂ ದಿನಾ ಓದುಗರ ಫೋಟೋಗಳು ಬರುತ್ತವೆ. ಅದರಲ್ಲಿ ಎಷ್ಟೋ ಮಬ್ಬು, ಇಲ್ಲ ಕತ್ತಲು, ಇಲ್ಲಾಂದ್ರ ಬಣ್ಣ ಬಳಿದಂಗ ಕಾಣುವಂಥವು.

ಇದು ಬರೀ ಚೆಂದದ ವಿಷಯ ಅಲ್ಲ. ಫೋಟೋದಲ್ಲಿ ಕಡುಗೆಂಪು ಕಂಡ ಸೀರೆ ಮನೆಗೆ ಒಯ್ದು ನೋಡಿದರೆ ಇಟ್ಟಿಗೆ ಬಣ್ಣ ಅಂದ್ರೆ ಗಿರಾಕಿ ವಾಪಸ್ ತರ್ತಾರೆ. ಮುಂದಿನ ಸಲ ಆ ಅಂಗಡಿ ಸ್ಟೇಟಸ್ ನೋಡಿದರೂ ನಂಬೋದಿಲ್ಲ. ಬೆಳೆ ಹಾನಿ ಫೋಟೋದಲ್ಲಿ ಬೆಳೆ ಯಾವುದು, ಹೊಲ ಯಾವುದು ಅಂತಲೇ ಗೊತ್ತಾಗದಿದ್ದರೆ ಅಧಿಕಾರಿ ಎದುರು ಬಾಯಿಮಾತಷ್ಟೇ ಉಳಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಒಳ್ಳೆ ಫೋಟೋದ ಮುಕ್ಕಾಲು ಕೆಲಸ ಬೆಳಕಿನಲ್ಲೇ ಮುಗಿಯುತ್ತದೆ. ಎಡಿಟಿಂಗ್ ಇರೋದು ಕಣ್ಣಿಗೆ ಕಂಡದ್ದಕ್ಕೆ ಫೋಟೋವನ್ನು ಹತ್ತಿರ ತರೋಕೆ. ಇಲ್ಲದ್ದನ್ನು ಸೇರಿಸೋಕೆ ಅಲ್ಲ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ, ಕೈಯಲ್ಲಿರುವ ಫೋನ್ ಸಾಕು.

ಮೊದಲು ಲೆನ್ಸ್ ಒರೆಸ್ರಿ

ಕಿಸೆಯಲ್ಲಿ ಬೀಡಿ ಪೊಟ್ಟಣ, ಚಿಲ್ಲರೆ, ಕರವಸ್ತ್ರದ ಜೊತೆ ಇರುವ ಫೋನಿನ ಲೆನ್ಸ್ ಮೇಲೆ ಬೆವರು, ಎಣ್ಣೆ ಕೈಯ ಗುರುತು ಇದ್ದೇ ಇರುತ್ತದೆ. ಫೋಟೋ ಮಬ್ಬಾಗಿ, ಬಲ್ಬಿನ ಸುತ್ತ ಹೊಗೆ ಸುತ್ತಿದಂಗ ಕಾಣೋಕೆ ಬಹಳ ಸಲ ಇದೇ ಕಾರಣ. ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಇಲ್ಲವೇ ಒಗೆದ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಮಣ್ಣಿನ ಕಣ ಇದ್ದರೆ ಮೊದಲು ಊದಿ, ಆಮೇಲೆ ಒರೆಸ್ರಿ. ಇಲ್ಲಾಂದ್ರೆ ಗೀರು ಬೀಳುತ್ತದೆ.

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಒಂದು, ಗ್ರಿಡ್ ಆನ್ ಮಾಡ್ರಿ. ಪರದೆ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಬರುತ್ತವೆ. ಕಪಾಟು, ಬಾಗಿಲು, ಬೋರ್ಡು ಸೊಟ್ಟ ಆಗದಂತೆ ನೋಡಿಕೊಳ್ಳೋಕೆ ಇವು ಬೇಕು. ಎರಡು, ಬ್ಯೂಟಿ ಮೋಡ್ ಬಂದ್ ಮಾಡ್ರಿ. ಅದು ಮುಖದ ಸುಕ್ಕನ್ನು ನುಣುಪು ಮಾಡಿ ಗುರುತೇ ಅಳಿಸುತ್ತದೆ.

ಜೂಮ್ ಬಗ್ಗೆ ಒಂದು ಎಚ್ಚರ. ಜೂಮ್ ಲೆನ್ಸ್ ಬೇರೆ ಇಲ್ಲದ ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸುವುದು ಅಂದರೆ ಇದ್ದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿದಂಗೆ. ಅದರ ಬದಲು ಎರಡು ಹೆಜ್ಜೆ ಮುಂದೆ ಹೋಗ್ರಿ.

ಅಂಗಡಿ ಒಳಗಿನ ಬೆಳಕು

ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಥರದ ಬೆಳಕು ಒಟ್ಟಿಗೆ ಬೀಳುತ್ತಿರುತ್ತದೆ. ಬಾಗಿಲಿನಿಂದ ಹಗಲು ಬೆಳಕು, ಮೇಲೆ ಬಿಳಿ ಟ್ಯೂಬ್‌ಲೈಟ್, ಶೋಕೇಸಿನಲ್ಲಿ ಹಳದಿ ಬಲ್ಬು. ನಮ್ಮ ಕಣ್ಣು ಇದನ್ನು ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಆಗೋದಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳದಿ ಬಲ್ಬು 2,700ರಿಂದ 3,000 ಕೆಲ್ವಿನ್, ನಡು ಮಧ್ಯಾಹ್ನದ ಬಿಸಿಲು ಸುಮಾರು 5,500 ಕೆಲ್ವಿನ್. ಎರಡೂ ಒಂದೇ ಸೀರೆ ಮೇಲೆ ಬಿದ್ದರೆ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಛಾಯೆ ಬರುತ್ತದೆ. ಆಮೇಲೆ ಯಾವ ಆ್ಯಪ್‌ನಿಂದಲೂ ಅದನ್ನು ಪೂರ್ತಿ ಸರಿ ಮಾಡೋದು ಕಷ್ಟ.

ಉಪಾಯ ಸರಳ. ಸಾಮಾನನ್ನು ಬಾಗಿಲ ಹತ್ತಿರ, ನೆರಳಿರುವ ಕಡೆ ತಂದಿಡ್ರಿ. ನೇರ ಬಿಸಿಲು ಬೀಳಬಾರದು, ಆದರೆ ಹಗಲು ಬೆಳಕು ಚೆನ್ನಾಗಿ ಬರಬೇಕು. ಒಳಗಿನ ಬಲ್ಬುಗಳನ್ನು ಐದು ನಿಮಿಷ ಆರಿಸ್ರಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ. ಬೆಳಕು ಬೀಳದ ಬದಿ ಕಪ್ಪಾಗಿ ಕಂಡರೆ ಅಲ್ಲಿ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸ್ರಿ. ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ನೆರಳು ತಿಳಿಯಾಗುತ್ತದೆ. ಹಳೆ ಪ್ಯಾಕಿಂಗ್‌ನ ಥರ್ಮಾಕೋಲ್ ಆದರೂ ನಡೆಯುತ್ತದೆ, ಖರ್ಚೇ ಇಲ್ಲ.

ಫ್ಲ್ಯಾಶ್ ಆದಷ್ಟು ಬೇಡ. ಎದುರಿನಿಂದ ಬಡಿದ ಫ್ಲ್ಯಾಶ್ ಸಾಮಾನನ್ನು ಚಪ್ಪಟೆ ಮಾಡುತ್ತದೆ. ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಕವರ್, ಚಿನ್ನದ ಒಡವೆ ಮೇಲೆ ಬಿಳಿ ಚುಕ್ಕೆ ಹಾಕುತ್ತದೆ. ಪಾತ್ರೆ ಅಂಗಡಿಯವರು ಕೊಡ, ತಟ್ಟೆಗಳ ಎದುರು ಬಿಳಿ ಪಂಚೆ ಕಟ್ಟಿ, ಅದರ ಬದಿಯಿಂದ ಫೋಟೋ ತೆಗೆದರೆ ಸ್ಟೀಲಿನಲ್ಲಿ ಫೋಟೋ ತೆಗೆಯುವವರ ಮುಖ ಕಾಣೋದು ತಪ್ಪುತ್ತದೆ. ಗಾಜಿನ ಶೋಕೇಸ್ ಆದರೆ ನೇರ ಎದುರು ನಿಲ್ಲಬೇಡ್ರಿ, ಸ್ವಲ್ಪ ಓರೆಯಾಗಿ ನಿಂತರೆ ಪ್ರತಿಬಿಂಬ ಪಕ್ಕಕ್ಕೆ ಸರಿಯುತ್ತದೆ.

ರಾತ್ರಿ ಎಲ್‌ಇಡಿ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತದೆ ಅಂತ ಹಲವರು ಕೇಳುತ್ತಾರೆ. ಫೋನ್ ಕೆಟ್ಟಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಅದಕ್ಕೆ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದು ಕಣ್ಣಿಗೆ ಗೊತ್ತಾಗೋದಿಲ್ಲ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/50 ಇಲ್ಲವೇ 1/100 ಸೆಕೆಂಡಿಗೆ ಇಡ್ರಿ. ಪಟ್ಟೆ ಹೋಗುತ್ತದೆ.

ಒಂದು ಬೆರಳಿನ ಕೆಲಸ: ಫೋಕಸ್ ಮತ್ತು ಬೆಳಕು

ಫೋಟೋದಲ್ಲಿ ಯಾವುದು ಮುಖ್ಯವೋ ಅದರ ಮೇಲೆ ಪರದೆಯಲ್ಲಿ ಬೆರಳು ಮುಟ್ಟಿಸ್ರಿ. ಅಲ್ಲಿಗೆ ಫೋಕಸ್ ಆಗುತ್ತದೆ. ಪಕ್ಕದಲ್ಲೇ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲೆ ಎಳೆದರೆ ಬೆಳಕು ಹೆಚ್ಚು, ಕೆಳಗೆ ಎಳೆದರೆ ಕಡಿಮೆ. ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಅದು ಲಾಕ್ ಆಗುತ್ತದೆ. ಒಂದೇ ಜಾಗದಲ್ಲಿ ಇಪ್ಪತ್ತು ಸೀರೆ ಫೋಟೋ ತೆಗೆಯುವಾಗ ಲಾಕ್ ಇದ್ದರೆ ಎಲ್ಲಕ್ಕೂ ಒಂದೇ ಸಮ ಬೆಳಕು ಬರುತ್ತದೆ.

ಇಲ್ಲಿ ಒಂದು ಗುಟ್ಟಿದೆ. ಎದುರಿಗೆ ಇರುವುದೆಲ್ಲ ನಡುಮಟ್ಟದ ಬೂದು ಅಂತ ತಿಳಿದು ಕ್ಯಾಮೆರಾ ಬೆಳಕು ಲೆಕ್ಕ ಹಾಕುತ್ತದೆ. ಹಾಗಾಗಿ ಬಿಳಿ ಪಂಚೆಯನ್ನು ಪೂರ್ತಿ ತುಂಬಿಸಿ ಫೋಟೋ ತೆಗೆದರೆ ಅದು ಮಾಸಿದಂಗ ಬರುತ್ತದೆ. ಕಪ್ಪು ಪ್ಯಾಂಟ್ ತೆಗೆದರೆ ಬೆಳ್ಳಗೆ ಮಾಸಲಾಗುತ್ತದೆ. ಬಿಳಿ ಸಾಮಾನಿಗೆ ಸೂರ್ಯನ ಗುರುತು ಸ್ವಲ್ಪ ಮೇಲೆ, ಕಪ್ಪು ಸಾಮಾನಿಗೆ ಸ್ವಲ್ಪ ಕೆಳಗೆ. ಇಷ್ಟು ನೆನಪಿಟ್ಟರೆ ಎಡಿಟಿಂಗ್ ಅರ್ಧ ಉಳಿಯಿತು.

ಕೆಂಪು ಬಣ್ಣ ಕೈ ಕೊಡೋದು ಯಾಕೆ? ಬ್ಯಾಡಗಿ ಮೆಣಸಿನಕಾಯಿ ಉದಾಹರಣೆ

ನಮ್ಮ ಜಿಲ್ಲೆಯಲ್ಲಿ ಫೋಟೋದ ಬಣ್ಣಕ್ಕೂ ದುಡ್ಡಿಗೂ ನೇರ ಸಂಬಂಧ ಇರುವುದು ಮೆಣಸಿನಕಾಯಿಯಲ್ಲಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ. ಕಡುಗೆಂಪು ಬಣ್ಣ, ಮೈತುಂಬ ಸುಕ್ಕು, ಇವೇ ಅದರ ಗುರುತು. ಇದರಿಂದ ತೆಗೆದ ಓಲಿಯೊರೆಸಿನ್ ಬಣ್ಣ ಆಹಾರಕ್ಕೂ, ಲಿಪ್‌ಸ್ಟಿಕ್‌ನಂಥ ಸೌಂದರ್ಯ ಸಾಮಗ್ರಿಗೂ ಹೋಗುತ್ತದೆ.

ಈ ಕೆಂಪನ್ನೇ ಫೋನ್ ಕೆಡಿಸುತ್ತದೆ. ಪ್ರತಿ ಫೋಟೋ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಅಂಕಿಗಳಿಂದ ಆಗಿರುತ್ತದೆ. ಸಾಮಾನ್ಯ ಫೋಟೋದಲ್ಲಿ ಒಂದೊಂದಕ್ಕೆ 0ರಿಂದ 255ರವರೆಗೆ ಜಾಗ. ಬಿಸಿಲಿನಲ್ಲಿ ಹರವಿದ ಮೆಣಸಿನಕಾಯಿ ತೆಗೆದಾಗ ಕೆಂಪಿನ ಅಂಕಿ 255ಕ್ಕೆ ಹೋಗಿ ಬಡಿಯುತ್ತದೆ, ಮುಂದೆ ಜಾಗ ಇಲ್ಲ. ಸುಕ್ಕಿನ ಗೆರೆ, ತೆಳು ಕೆಂಪು, ಗಾಢ ಕೆಂಪು ಎಲ್ಲಾ ಸೇರಿ ಒಂದೇ ಕೆಂಪು ಮುದ್ದೆ. ಮೇಲಿಂದ ಸ್ಯಾಚುರೇಶನ್ ಜಾಸ್ತಿ ಮಾಡಿದರಂತೂ ಡಬ್ಬಿ ಯಾವುದು, ಕಡ್ಡಿ ಯಾವುದು ಅನ್ನೋದೂ ಗೊತ್ತಾಗೋದಿಲ್ಲ.

ಸರಿಯಾದ ದಾರಿ ಹೀಗಿದೆ:

ಬೆಳಿಗ್ಗೆ ಬಿಸಿಲು ಏರುವ ಮೊದಲು ಅಥವಾ ಸಂಜೆ, ಬೆಳಕು ಪಕ್ಕದಿಂದ ಬರುವಾಗ ತೆಗೀರಿ. ಪಕ್ಕದ ಬೆಳಕಿನಲ್ಲಿ ಪ್ರತಿ ಸುಕ್ಕಿನ ಹಿಂದೆ ಸಣ್ಣ ನೆರಳು ಬಿದ್ದು ಮೈ ಎದ್ದು ಕಾಣುತ್ತದೆ. ನೆತ್ತಿ ಮೇಲಿನ ಬಿಸಿಲಿನಲ್ಲಿ ಆ ನೆರಳು ಇರೋದಿಲ್ಲ.

ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೀರಿ. ಫೋಟೋ ಕೊಂಚ ಗಾಢ ಬಂದರೂ ಪರವಾಗಿಲ್ಲ. ಕಪ್ಪಾದದ್ದನ್ನು ಆಮೇಲೆ ತಿಳಿ ಮಾಡಬಹುದು, ಸುಟ್ಟುಹೋದ ಕೆಂಪನ್ನು ವಾಪಸ್ ತರೋಕಾಗೋದಿಲ್ಲ.

ರಾಶಿಯ ಪಕ್ಕ ಒಂದು ಬಿಳಿ ಕಾಗದ ಇಟ್ಟು ಒಂದು ಫೋಟೋ ಹೆಚ್ಚಿಗೆ ತೆಗೀರಿ. ಫೋಟೋದಲ್ಲಿ ಕಾಗದ ಬಿಳಿಯಾಗಿ ಕಂಡರೆ ಉಳಿದ ಬಣ್ಣವೂ ಹೆಚ್ಚುಕಡಿಮೆ ಸರಿ ಇದೆ ಅಂತ ಅರ್ಥ. ಕಾಗದ ಹಳದಿಯಾಗಿದ್ದರೆ ಮೆಣಸಿನಕಾಯಿಯೂ ಕಿತ್ತಳೆ ಕಡೆ ವಾಲಿದೆ.

ಮೇಲಿನ ಪದರ ಅಷ್ಟೇ ಅಲ್ಲ, ಕೈ ಹಾಕಿ ಒಳಗಿನ ಮಾಲು ತೆಗೆದು ತೋರಿಸುವ ಒಂದು ಫೋಟೋ, ತೊಟ್ಟು ಕಾಣುವಂತೆ ನಾಲ್ಕೈದು ಕಾಯಿ ಹತ್ತಿರದಿಂದ ಒಂದು ಫೋಟೋ. ಮೂರೂ ಒಟ್ಟಿಗೆ ಕಳಿಸಿದರೆ ಖರೀದಿದಾರರಿಗೆ ನಂಬಿಕೆ ಬರುತ್ತದೆ.

ಒಂದು ಮಾತು ನೆನಪಿರಲಿ. ಮೆಣಸಿನಕಾಯಿಯ ಬಣ್ಣವನ್ನು ಲ್ಯಾಬ್‌ನಲ್ಲಿ ಆಸ್ಟಾ ಎಂಬ ಅಳತೆಯಲ್ಲಿ ನೋಡುತ್ತಾರೆ. ಫೋಟೋದಲ್ಲಿ ಎಷ್ಟು ಕೆಂಪು ಮಾಡಿದರೂ ಆ ಅಂಕಿ ಏರೋದಿಲ್ಲ. ಮಾಲು ಎದುರಿಗೆ ಬಂದಾಗ ಫೋಟೋಗೂ ಅದಕ್ಕೂ ತಾಳೆ ಆಗದಿದ್ದರೆ ಹೋಗೋದು ನಿಮ್ಮ ಮಾತಿನ ಬೆಲೆ.

ಸೀರೆ, ಕುಪ್ಪಸದ ಖಣ, ಕುಂಕುಮ, ಗುಲಾಬಿ ಹೂವು, ಟೊಮೆಟೊ, ಎಲ್ಲಕ್ಕೂ ಇದೇ ಲೆಕ್ಕ. ಇಳಕಲ್ ಸೀರೆ ಆದರೆ ಮಡಿಕೆ ಬಿಚ್ಚಿ ಸೆರಗು, ಅಂಚು, ಮೈ ಮೂರೂ ಬೇರೆ ಬೇರೆ ತೆಗೀರಿ. ಅಂಚಿನ ಅಳತೆ ಗೊತ್ತಾಗಲು ಪಕ್ಕದಲ್ಲಿ ಟೇಪು ಇಟ್ಟರೆ ಫೋನ್ ಮಾಡಿ ಕೇಳುವ ಪ್ರಶ್ನೆ ಕಡಿಮೆ. ಹಾವೇರಿಯ ಏಲಕ್ಕಿ ಹಾರದಂಥ ಸಣ್ಣ ಕೆಲಸದ ಸಾಮಾನಿಗೆ ಫೋನನ್ನು ತೀರಾ ಹತ್ತಿರ ಒಯ್ಯಬೇಡ್ರಿ, ಫೋಕಸ್ ತಪ್ಪುತ್ತದೆ. ಒಂದು ಗೇಣು ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡ್ರಿ. ಹಾರದ ಕೆಳಗೆ ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ಹಾಸಿದರೆ ಏಲಕ್ಕಿ ಎದ್ದು ಕಾಣುತ್ತದೆ.

ಹಿನ್ನೆಲೆ ಖಾಲಿ ಇರಲಿ

ಫೋಟೋ ಕೆಡೋದು ಸಾಮಾನಿನಿಂದ ಅಲ್ಲ, ಅದರ ಹಿಂದಿನ ಗದ್ದಲದಿಂದ. ಹಿಂದೆ ಗ್ಯಾಸ್ ಸಿಲಿಂಡರ್, ಚಪ್ಪಲಿ, ಕ್ಯಾಲೆಂಡರ್ ಇದ್ದರೆ ಗಿರಾಕಿ ಕಣ್ಣು ಅಲ್ಲೇ ಹೋಗುತ್ತದೆ. ಒಂದು ಬಣ್ಣದ ಬೆಡ್‌ಶೀಟ್, ಡ್ರಾಯಿಂಗ್ ಶೀಟ್, ಸುಣ್ಣ ಹೊಡೆದ ಗೋಡೆ, ಯಾವುದಾದರೂ ಸರಿ. ಡ್ರಾಯಿಂಗ್ ಶೀಟನ್ನು ಮೇಜಿನ ಮೇಲಿಂದ ಗೋಡೆಗೆ ಬಾಗಿಸಿ ಅಂಟಿಸಿದರೆ ಮೂಲೆ ಗೆರೆಯೇ ಕಾಣದ ಹಿನ್ನೆಲೆ ಸಿದ್ಧ.

ಮನುಷ್ಯರ ಫೋಟೋ ತೆಗೆಯುವಾಗ ಮುಖದ ಹತ್ತಿರ ಫೋನ್ ಒಯ್ದರೆ ಮೂಗು ದಪ್ಪ, ಕಿವಿ ಸಣ್ಣ ಕಾಣುತ್ತವೆ. ಐದಾರು ಅಡಿ ದೂರ ನಿಂತು, ಜೂಮ್ ಲೆನ್ಸ್ ಬೇರೆ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ತೆಗೆದ ಮೇಲೆ ಕ್ರಾಪ್ ಮಾಡ್ರಿ. ಫೋನ್ ಅವರ ಕಣ್ಣಿನ ಮಟ್ಟದಲ್ಲಿರಲಿ. ಮಕ್ಕಳಾದರೆ ನೀವೇ ಕೂತುಕೊಳ್ಳಿ. ಗ್ರಿಡ್‌ನ ನಾಲ್ಕು ಗೆರೆ ಕೂಡುವ ಜಾಗಗಳಲ್ಲಿ ಯಾವುದಾದರೂ ಒಂದರ ಹತ್ತಿರ ಕಣ್ಣು ಬರುವಂತೆ ಇಟ್ಟರೆ ಚಿತ್ರ ಹಿತವಾಗಿ ಕಾಣುತ್ತದೆ. ಇದು ಕಟ್ಟುನಿಟ್ಟಿನ ಕಾನೂನಲ್ಲ, ರೂಢಿ.

ಹೋರಿ ಹಬ್ಬದಂಥ ಓಟದ ಫೋಟೋಗೆ ಲೆಕ್ಕ ಬೇರೆ. ಹೋರಿ ಓಡುವಾಗ 1/1000 ಸೆಕೆಂಡಿನ ಹತ್ತಿರದ ಶಟರ್ ವೇಗ ಬೇಕು. ಅಷ್ಟು ವೇಗಕ್ಕೆ ಬೆಳಕು ಜಾಸ್ತಿ ಬೇಕಾದ್ದರಿಂದ ಬಿಸಿಲಿರುವಾಗಲೇ ತೆಗೆಯಬೇಕು. ಬರ್ಸ್ಟ್ ಮೋಡ್ ಆನ್ ಮಾಡಿ ಒಂದೇ ಸಲ ಹತ್ತು ಹದಿನೈದು ಫೋಟೋ ತೆಗೆದು ಒಂದನ್ನು ಆರಿಸ್ರಿ. ಅಖಾಡದ ಒಳಗೆ ಇಳಿದು ಮಾತ್ರ ತೆಗೆಯಬೇಡ್ರಿ, ಬೇಲಿ ಹೊರಗಿನಿಂದಲೇ ಜೂಮ್ ಸಾಕು. ಜೀವಕ್ಕಿಂತ ದೊಡ್ಡ ಫೋಟೋ ಇಲ್ಲ.

ರಾತ್ರಿ ಜಾತ್ರೆಯಲ್ಲಿ ನೈಟ್ ಮೋಡ್ ಹಾಕಿದಾಗ ಫೋನ್ ಹಲವು ಫೋಟೋ ತೆಗೆದು ಒಂದು ಮಾಡುತ್ತದೆ. ಅಲ್ಲಿಯವರೆಗೆ ಕೈ ಅಲುಗಾಡಬಾರದು. ಕಂಬಕ್ಕೆ ಒರಗಿಸಿ ಹಿಡೀರಿ. ತೇರು ಎಳೆಯುವಾಗ, ಜನ ಓಡಾಡುವಾಗ ನೈಟ್ ಮೋಡ್ ಬೇಡ, ಎಲ್ಲರೂ ಮಸುಕಾಗುತ್ತಾರೆ.

ಎಡಿಟಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಗೂಗಲ್‌ನ ಸ್ನ್ಯಾಪ್‌ಸೀಡ್ ಉಚಿತ ಆ್ಯಪ್, ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಸಿಗುತ್ತದೆ. ಅಡೋಬಿ ಕಂಪನಿಯ ಲೈಟ್‌ರೂಮ್ ಮೊಬೈಲ್ ಕೂಡ ಇದೆ. ಫೋನಿನ ಗ್ಯಾಲರಿಯಲ್ಲೇ ಇರುವ ಎಡಿಟ್ ಬಟನ್ ಕೂಡ ದಿನದ ಕೆಲಸಕ್ಕೆ ಸಾಕು. ಆ್ಯಪ್ ಯಾವುದಾದರೂ ಇರಲಿ, ಈ ಕ್ರಮ ಇಟ್ಟುಕೊಂಡರೆ ಎರಡು ನಿಮಿಷದ ಕೆಲಸ:

1. ಕಾಪಿ ಮಾಡಿಕೊಳ್ಳಿ. ಮೂಲ ಫೋಟೋ ಹಾಗೇ ಇರಲಿ. ಸೇವ್ ಮಾಡುವಾಗ ಕಾಪಿ ಅಂತ ಇರುವುದನ್ನೇ ಆರಿಸ್ರಿ.

2. ನೇರ ಮಾಡಿ, ಕ್ರಾಪ್ ಮಾಡಿ. ಮೊದಲು ಸೊಟ್ಟ ಸರಿ ಮಾಡ್ರಿ, ಆಮೇಲೆ ಬೇಡದ ಅಂಚು ಕತ್ತರಿಸ್ರಿ. ಅಂಗಡಿ ಬೋರ್ಡನ್ನು ಕೆಳಗಿನಿಂದ ತೆಗೆದು ಮೇಲೆ ಸಣ್ಣದಾಗಿದ್ದರೆ ಪರ್ಸ್ಪೆಕ್ಟಿವ್ ಎಂಬ ಉಪಕರಣ ಸರಿ ಮಾಡುತ್ತದೆ.

3. ವೈಟ್ ಬ್ಯಾಲೆನ್ಸ್. ಇದೇ ಬಹಳ ಮುಖ್ಯ, ಇದನ್ನೇ ಜನ ಬಿಟ್ಟುಬಿಡುತ್ತಾರೆ. ಬಿಳಿ ಕಾಗದ ಇಟ್ಟು ತೆಗೆದ ಫೋಟೋ ಈಗ ಕೆಲಸಕ್ಕೆ ಬರುತ್ತದೆ. ಕಾಗದ ಬಿಳಿ ಕಾಣುವವರೆಗೆ ಟೆಂಪರೇಚರ್ ಗೆರೆಯನ್ನು ನೀಲಿ ಕಡೆ ಇಲ್ಲವೇ ಹಳದಿ ಕಡೆ ಸರಿಸ್ರಿ. ಅದೇ ಅಂಕಿಯನ್ನು ಅದೇ ಬೆಳಕಿನಲ್ಲಿ ತೆಗೆದ ಉಳಿದ ಫೋಟೋಗೂ ಹಾಕ್ರಿ.

4. ಬೆಳಕು. ಬ್ರೈಟ್‌ನೆಸ್ ಒಂದನ್ನೇ ಏರಿಸಿದರೆ ಎಲ್ಲಾ ಬೆಳ್ಳಗಾಗಿ ಹೋಗುತ್ತದೆ. ಹೈಲೈಟ್ಸ್ ಸ್ವಲ್ಪ ಇಳಿಸಿ, ಶ್ಯಾಡೋಸ್ ಸ್ವಲ್ಪ ಏರಿಸ್ರಿ. ಶ್ಯಾಡೋಸ್ ಬಹಳ ಏರಿಸಿದರೆ ಕತ್ತಲ ಜಾಗದಲ್ಲಿ ಮರಳು ಚೆಲ್ಲಿದಂಗ ಕಾಣುತ್ತದೆ, ಅಲ್ಲಿಗೆ ನಿಲ್ಲಿಸ್ರಿ.

5. ಕಾಂಟ್ರಾಸ್ಟ್. ಮಬ್ಬು ಕಂಡರೆ ಒಂದಿಷ್ಟು.

6. ಸ್ಯಾಚುರೇಶನ್. ಕೊನೆಗೆ, ಅದೂ ಬೇಕಿದ್ದರೆ ಮಾತ್ರ. ಸಾಮಾನನ್ನು ಪಕ್ಕದಲ್ಲಿ ಇಟ್ಟುಕೊಂಡು, ಪರದೆ ನೋಡಿ, ಸಾಮಾನು ನೋಡಿ. ಎರಡೂ ಒಂದೇ ಥರ ಕಂಡಾಗ ಕೈ ತೆಗೀರಿ.

7. ಶಾರ್ಪ್‌ನೆಸ್. ಸ್ನ್ಯಾಪ್‌ಸೀಡ್‌ನಲ್ಲಿ ಇದು ಡೀಟೇಲ್ಸ್ ಒಳಗಿದೆ. ಸ್ವಲ್ಪ ಸಾಕು. ಅಲುಗಾಡಿ ಮಸುಕಾದ ಫೋಟೋವನ್ನು ಇದು ಸರಿ ಮಾಡೋದಿಲ್ಲ. ಮತ್ತೆ ತೆಗೆಯೋದೇ ದಾರಿ.

ಎಡಿಟ್ ಮಾಡುವಾಗ ಫೋನಿನ ಬ್ರೈಟ್‌ನೆಸ್ ಮಧ್ಯಮ ಇರಲಿ, ಕಣ್ಣಿಗೆ ತಂಪು ಅಂತ ಹಾಕಿರುವ ಹಳದಿ ಪರದೆ ಬಂದ್ ಇರಲಿ. ಆ ಹಳದಿ ಪರದೆಯಲ್ಲಿ ಬಣ್ಣ ಸರಿ ಮಾಡಿದರೆ ಬೇರೆಯವರ ಫೋನಿನಲ್ಲಿ ನೀಲಿ ಕಾಣುತ್ತದೆ. ಸಾಧ್ಯ ಇದ್ದರೆ ಇನ್ನೊಂದು ಫೋನಿನಲ್ಲೂ ಒಂದು ಸಲ ನೋಡಿ ಹಾಕ್ರಿ.

ಎಲ್ಲಿಗೆ ನಿಲ್ಲಿಸಬೇಕು?

1982ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಮುಖಪುಟದಲ್ಲಿ ಈಜಿಪ್ಟಿನ ಗೀಜಾ ಪಿರಮಿಡ್‌ಗಳ ಫೋಟೋ ಹಾಕಿತ್ತು. ಅಡ್ಡ ಇದ್ದ ಫೋಟೋ ಉದ್ದ ಪುಟಕ್ಕೆ ಹೊಂದಲಿ ಅಂತ ಕಂಪ್ಯೂಟರಿನಲ್ಲಿ ಎರಡು ಪಿರಮಿಡ್‌ಗಳನ್ನು ಹತ್ತಿರ ಸರಿಸಿದ್ದರು. ಅದು ಹೊರಗೆ ಬಿದ್ದಾಗ ಆದ ಟೀಕೆ ಇವತ್ತಿಗೂ ಪತ್ರಿಕೋದ್ಯಮದ ಪಾಠದಲ್ಲಿ ಬರುತ್ತದೆ. ಪತ್ರಿಕೆ ಸಣ್ಣ ವಿಷಯ ಅಂದುಕೊಂಡಿತ್ತು, ಓದುಗರು ಹಾಗಂದುಕೊಳ್ಳಲಿಲ್ಲ. ಇದು ಸರಿಸಿದವರು ಇನ್ನೇನೇನು ಸರಿಸಿರಬಹುದು ಅನ್ನೋ ಅನುಮಾನ ಬಂದರೆ ಹೋಗೋದು ಕಷ್ಟ.

ಈಗ ಎಐ ಬಂದು ಪಿರಮಿಡ್ ಸರಿಸೋದು ಒಂದು ಬೆರಳಿನ ಕೆಲಸವಾಗಿದೆ. ಹಾಗಾಗಿ ಒಂದು ಗೆರೆ ಹಾಕಿಕೊಳ್ಳೋದು ಒಳ್ಳೇದು. ಬೆಳಕು, ಬಣ್ಣ, ಸೊಟ್ಟ ಸರಿ ಮಾಡುವುದು ಸರಿ. ಲೆನ್ಸ್ ಮೇಲಿನ ಧೂಳಿನ ಕಲೆ ಹೀಲಿಂಗ್ ಉಪಕರಣದಿಂದ ತೆಗೆಯುವುದು ಸರಿ. ಸೀರೆಯ ಮೇಲಿನ ಕಲೆ ತೆಗೆದರೆ, ಹಳೆ ಬೈಕಿನ ಗೀರು ಅಳಿಸಿದರೆ, ಹೋಟೆಲಿನ ತಾಟಿಗೆ ಇಲ್ಲದ ಹೋಳಿಗೆ ಸೇರಿಸಿದರೆ, ಅದು ಎಡಿಟಿಂಗ್ ಅಲ್ಲ, ಮೋಸ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಪ್ಪು ಕೂಡ ಹೌದು.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹಾಕಿರುವವರಿಗೂ ಇದೇ ನಿಯಮ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಫೋಟೋ ಜೆಪಿಜಿ ಅಥವಾ ಪಿಎನ್‌ಜಿ ಆಗಿರಬೇಕು, 10 ಕೆಬಿಯಿಂದ 5 ಎಂಬಿ ಒಳಗಿರಬೇಕು, 720×720 ಪಿಕ್ಸೆಲ್ ಇದ್ದರೆ ಒಳ್ಳೇದು. ಫೋಟೋ ವಾಸ್ತವವನ್ನು ತೋರಿಸಬೇಕು, ವಿಪರೀತ ಫಿಲ್ಟರ್ ಇರಬಾರದು ಅಂತ ಅವರೇ ಹೇಳಿದ್ದಾರೆ.

ಇಂಟರ್ನೆಟ್‌ನಿಂದ ಇಳಿಸಿಕೊಂಡ ಬೇರೆಯವರ ಫೋಟೋ ಹಾಕುವ ಮೊದಲೂ ಯೋಚಿಸ್ರಿ. 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೋಗೂ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಿರಾಕಿಗೆ ಬೇಕಿರೋದು ನಿಮ್ಮ ಅಂಗಡಿಯ ಸಾಮಾನು, ಯಾವುದೋ ಊರಿನದ್ದಲ್ಲ.

ಕಳಿಸುವಾಗ ಫೋಟೋ ಕೆಡೋದು ಹೇಗೆ?

ಚೆನ್ನಾಗಿ ತೆಗೆದ ಫೋಟೋ ಆ ಕಡೆ ಮುಟ್ಟುವಾಗ ಮಬ್ಬಾಗುತ್ತದೆ. ವಾಟ್ಸ್‌ಆ್ಯಪ್ ಡೇಟಾ ಉಳಿಸೋಕೆ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಅದನ್ನೇ ಇಳಿಸಿಕೊಂಡು, ಎಡಿಟ್ ಮಾಡಿ, ಮತ್ತೆ ಕಳಿಸಿದರೆ ಪ್ರತಿ ಸಲ ಇನ್ನಷ್ಟು ಸವೆಯುತ್ತದೆ. ಜೆಪಿಜಿ ಮಾದರಿಯೇ ಹಾಗೆ, ಪ್ರತಿ ಸೇವ್‌ಗೂ ಸ್ವಲ್ಪ ವಿವರ ಕಳೆದುಕೊಳ್ಳುತ್ತದೆ. ಅದಕ್ಕೆ ಎಡಿಟ್ ಯಾವಾಗಲೂ ಮೂಲ ಫೋಟೋದಿಂದಲೇ ಮಾಡಬೇಕು.

2023ರಿಂದ ವಾಟ್ಸ್‌ಆ್ಯಪ್‌ನಲ್ಲಿ ಎಚ್‌ಡಿ ಆಯ್ಕೆ ಇದೆ. ಫೋಟೋ ಆರಿಸಿದ ಮೇಲೆ ಮೇಲ್ಗಡೆ ಕಾಣುವ ಎಚ್‌ಡಿ ಗುರುತು ಒತ್ತಿ ಕಳಿಸಿದರೆ ಸವೆತ ಕಡಿಮೆ. ಪೂರ್ತಿ ಮೂಲ ಫೋಟೋವೇ ಬೇಕಾದರೆ ಕ್ಲಿಪ್ ಗುರುತು ಒತ್ತಿ, ಡಾಕ್ಯುಮೆಂಟ್ ಆರಿಸಿ, ಅದರೊಳಗಿಂದ ಫೋಟೋ ಕಳಿಸ್ರಿ. ಫ್ಲೆಕ್ಸ್ ಮಾಡಿಸೋಕೆ, ಲಗ್ನಪತ್ರಿಕೆಗೆ, ಶ್ರದ್ಧಾಂಜಲಿ ಬ್ಯಾನರಿಗೆ ಫೋಟೋ ಕಳಿಸುವವರು ಇದನ್ನೇ ಮಾಡಬೇಕು. ಇಲ್ಲದಿದ್ದರೆ ಹತ್ತು ಅಡಿ ಫ್ಲೆಕ್ಸ್‌ನಲ್ಲಿ ಮುಖ ಚೌಕ ಚೌಕ ಆಗುತ್ತದೆ.

ಇದರಲ್ಲಿ ಒಂದು ಎಚ್ಚರ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಒಳಗೆ ತೆಗೆದ ಜಾಗ, ದಿನಾಂಕ, ಸಮಯ ದಾಖಲಾಗಿರುತ್ತದೆ. ಸಾಮಾನ್ಯ ಫೋಟೋವಾಗಿ ಕಳಿಸಿದಾಗ ವಾಟ್ಸ್‌ಆ್ಯಪ್ ಈ ಮಾಹಿತಿಯನ್ನು ತೆಗೆದುಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮನೆಯಲ್ಲಿ ತೆಗೆದ ಮಕ್ಕಳ ಫೋಟೋ ಅಪರಿಚಿತರಿಗೆ ಡಾಕ್ಯುಮೆಂಟ್ ಆಗಿ ಕಳಿಸಬೇಡ್ರಿ.

ಫೋಟೋ ಪುರಾವೆ ಆಗಬೇಕಾದರೆ

ಬೆಳೆ ಹಾನಿ, ಗೋಡೆ ಕುಸಿತ, ಅಪಘಾತ, ಕಳಪೆ ಸಾಮಾನು, ಇಂಥ ಕಡೆ ಎಡಿಟಿಂಗ್ ಪೂರ್ತಿ ಬಂದ್. ಬೆಳಕು ಕೂಡ ಏರಿಸಬೇಡ್ರಿ. ಮೂಲ ಫೋಟೋ ಹಾಗೇ ಇರಬೇಕು, ಅದು ತೆಗೆದ ಫೋನಿನಲ್ಲೇ ಇರಬೇಕು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಕಟ್ಟಿದ ರೈತರು ಆಲಿಕಲ್ಲು, ಹೊಲ ಮುಳುಗಡೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆ ಒಳಗೆ ತಿಳಿಸಬೇಕು. ಕ್ರಾಪ್ ಇನ್ಶೂರೆನ್ಸ್ ಆ್ಯಪ್, 14447 ಸಹಾಯವಾಣಿ, ವಿಮಾ ಕಂಪನಿ, ಬ್ಯಾಂಕ್ ಅಥವಾ ಕೃಷಿ ಇಲಾಖೆ ಮೂಲಕ ತಿಳಿಸಬಹುದು. ಆಮೇಲೆ ಸ್ಥಳ ಪರಿಶೀಲನೆ ನಡೆಯುತ್ತದೆ. ಬರೀ ಫೋಟೋ ನೋಡಿ ಪರಿಹಾರ ಕೊಡೋದಿಲ್ಲ. ಆದರೆ ನೀರು ಇಳಿದ ಮೇಲೆ ಪರಿಶೀಲನೆಗೆ ಬಂದವರಿಗೆ ಆ ದಿನ ಹೇಗಿತ್ತು ಅಂತ ತೋರಿಸೋಕೆ ನಿಮ್ಮ ಹತ್ತಿರ ಇರೋದು ಫೋಟೋ ಮಾತ್ರ.

ಹೀಗೆ ತೆಗೀರಿ. ಲೊಕೇಶನ್ ಆನ್ ಇರಲಿ. ಮೊದಲು ದೂರದಿಂದ ಪೂರ್ತಿ ಹೊಲ, ಹಿಂದೆ ಗುಡಿ, ಕರೆಂಟ್ ಕಂಬ, ಬಾವಿ, ಮರ ಹೀಗೆ ಗುರುತು ಸಿಗುವ ಏನಾದರೂ ಬರಲಿ. ಆಮೇಲೆ ನಡುವಿನ ದೂರದಿಂದ ಸಾಲುಗಳು ಕಾಣುವಂತೆ. ಕೊನೆಗೆ ಹತ್ತಿರದಿಂದ ಗಿಡ, ಕಾಯಿ, ತೆನೆ. ನೀರಿನ ಆಳ ತೋರಿಸಲು ಕುಡುಗೋಲು, ಸಲಿಕೆ ಹಿಡಿಕೆ ನಿಲ್ಲಿಸ್ರಿ. ನಾಲ್ಕು ದಿಕ್ಕಿನಿಂದಲೂ ಒಂದೊಂದು ಇರಲಿ. ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೋ ಹಾಕುವಾಗಲೂ ಹೊಲದಲ್ಲೇ ನಿಂತು, ಬೆಳೆ ಯಾವುದು ಅಂತ ಸ್ಪಷ್ಟ ಕಾಣುವಂತೆ ತೆಗೀರಿ.

ವಿಷಯ ಕೋರ್ಟ್‌ವರೆಗೆ ಹೋದರೆ ಮೂಲ ಫೈಲ್ ಇನ್ನೂ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಪ್ರತಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲ್‌ನ ಹ್ಯಾಶ್ ಮೌಲ್ಯ ಕೂಡ ಬರೆಯಬೇಕು. ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು ಇದ್ದಂಗೆ. ಒಂದು ಚುಕ್ಕೆ ಎಡಿಟ್ ಮಾಡಿದರೂ ಅದು ಬದಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಹೋಗಿ ಬಂದ ಕಾಪಿಯ ಹ್ಯಾಶ್ ಕೂಡ ಬೇರೆ ಆಗಿರುತ್ತದೆ.

ಅರ್ಜಿ ಫೋಟೋ, ಕೆಬಿ ಲೆಕ್ಕ

ಪರೀಕ್ಷೆ ಅರ್ಜಿ ತುಂಬುವವರಿಗೆ ಫೋಟೋ ಅಪ್‌ಲೋಡ್ ಆಗದೆ ಕೊನೆ ದಿನ ಸೈಬರ್ ಸೆಂಟರ್ ಮುಂದೆ ಕ್ಯೂ. ಬ್ಯಾಂಕ್ ಹುದ್ದೆಗಳ ಐಬಿಪಿಎಸ್ ಅರ್ಜಿಗೆ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ, ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ. ಬೇರೆ ಪರೀಕ್ಷೆಗೆ ಬೇರೆ ಅಳತೆ ಇರುತ್ತದೆ, ಅಧಿಸೂಚನೆ ಓದಿಕೊಳ್ಳಿ. ಮೊದಲು ಕ್ರಾಪ್, ಆಮೇಲೆ ಪಿಕ್ಸೆಲ್ ಅಳತೆ, ಕೊನೆಗೆ ಕೆಬಿ ಇಳಿಸೋದು, ಈ ಕ್ರಮ ತಪ್ಪಿಸಬೇಡ್ರಿ. ತಿಳಿ ಬಣ್ಣದ ಗೋಡೆ ಎದುರು, ಗೋಡೆಯಿಂದ ಎರಡು ಅಡಿ ಮುಂದೆ ನಿಂತರೆ ಹಿಂದೆ ನೆರಳು ಬೀಳೋದಿಲ್ಲ. ಫಿಲ್ಟರ್ ಹಾಕಿ ಮುಖ ಬೆಳ್ಳಗೆ ಮಾಡಿದ ಫೋಟೋ ಬೇಡವೇ ಬೇಡ. ಪರೀಕ್ಷಾ ಕೇಂದ್ರದಲ್ಲಿ ಮುಖಕ್ಕೂ ಪ್ರವೇಶಪತ್ರಕ್ಕೂ ತಾಳೆ ಆಗದೆ ತೊಂದರೆ ಆಗೋದು ನಿಮಗೇ.

ಸುದ್ದಿಗೆ ಫೋಟೋ ಕಳಿಸುವವರು ಗಮನಿಸಿ

ಗುಂಡಿ, ಗಟಾರ, ಬೀದಿದೀಪ, ಶಾಲೆ ಚಾವಣಿ, ಇಂಥ ಸಮಸ್ಯೆಯ ಫೋಟೋಗಳಿಗೆ ಫಿಲ್ಟರ್, ಬಾಣದ ಗುರುತು, ಸ್ಟಿಕ್ಕರ್ ಏನೂ ಹಾಕದೆ ಡಾಕ್ಯುಮೆಂಟ್ ಆಗಿ ಕಳಿಸ್ರಿ. ಯಾವ ಊರು, ಯಾವ ರಸ್ತೆ, ಯಾವತ್ತು ತೆಗೆದದ್ದು ಅಂತ ಬರೀರಿ. ಹಳೆ ಫೋಟೋವನ್ನು ಇವತ್ತಿನದು ಅಂತ ಕಳಿಸಿದರೆ ನಿಜವಾದ ದೂರಿಗೂ ಬೆಲೆ ಹೋಗುತ್ತದೆ.

ಅಪಘಾತದಲ್ಲಿ ಮೊದಲು 112ಕ್ಕೆ ಕರೆ, ಆಮೇಲೆ ಫೋಟೋ. ಸತ್ತವರ, ಗಾಯಗೊಂಡವರ ಮುಖ ಗ್ರೂಪ್‌ಗಳಿಗೆ ಹಾಕಬೇಡ್ರಿ. ಮನೆಯವರಿಗೆ ಸುದ್ದಿ ಫೋನಿನ ಫೋಟೋದಿಂದ ಗೊತ್ತಾಗಬಾರದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಪೋಕ್ಸೊ ಪ್ರಕರಣದ ಮಕ್ಕಳ ಗುರುತು ಸಿಗುವ ಫೋಟೋ ಹಂಚುವುದು ಕಾನೂನಿನ ಪ್ರಕಾರ ಅಪರಾಧ. ಮುಖ ಮಬ್ಬು ಮಾಡಿದರೂ ಮನೆ, ಸಮವಸ್ತ್ರ, ಶಾಲೆ ಹೆಸರು ಕಂಡರೆ ಗುರುತು ಸಿಕ್ಕಂಗೆ.

ಕತ್ತರಿಸಿ ಗಲ್ಲೆ ಹತ್ತಿರ ಅಂಟಿಸಿಕೊಳ್ಳಿ

• ಲೆನ್ಸ್ ಒರೆಸಿ, ಫ್ಲ್ಯಾಶ್ ಬಂದ್, ಗ್ರಿಡ್ ಆನ್.
• ಬಾಗಿಲ ಹತ್ತಿರದ ನೆರಳು, ಒಂದೇ ಥರದ ಬೆಳಕು.
• ಬಿಳಿ ಕಾಗದ ಇಟ್ಟು ಒಂದು ಫೋಟೋ ಹೆಚ್ಚಿಗೆ.
• ಕೆಂಪು ಸಾಮಾನಿಗೆ ಬೆಳಕು ಸ್ವಲ್ಪ ಕಡಿಮೆ.
• ಎಡಿಟ್ ಕಾಪಿಯಲ್ಲಿ ಮಾತ್ರ: ನೇರ, ಕ್ರಾಪ್, ವೈಟ್ ಬ್ಯಾಲೆನ್ಸ್, ಬೆಳಕು, ಕೊನೆಗೆ ಬಣ್ಣ.
• ಪುರಾವೆ ಫೋಟೋಗೆ ಎಡಿಟ್ ಇಲ್ಲವೇ ಇಲ್ಲ.
• ಮುಖ್ಯ ಫೋಟೋ ಕಳಿಸೋದು ಎಚ್‌ಡಿ ಅಥವಾ ಡಾಕ್ಯುಮೆಂಟ್ ಆಗಿ.
• ಸ್ಟೇಟಸ್‌ಗೆ ಹಾಕುವ ಮೊದಲು ಸಾಮಾನನ್ನು ಫೋನಿನ ಪಕ್ಕ ಹಿಡಿದು ನೋಡಿ. ಗಿರಾಕಿ ಅಂಗಡಿಗೆ ಬಂದಾಗ ನೋಡೋದೂ ಅದನ್ನೇ.